ಒಂದು ಕಿವಿ ದೊಡ್ಡದಿರುವ ಆನೆ

ಮಡಿಕೇರಿ
ಆಗಸ್ಟ್ 5

ಪ್ರೀತಿಯ ಪುಟ್ಟಿ,

ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಬಿಟ್ಟಿಲ್ಲ. ಬಟ್ಟೆಯೆಲ್ಲ ಒಲೆ ಮೇಲಿನ ಹಗ್ಗದಲ್ಲೇ ಒಣಗಬೇಕು. ಮೊನ್ನೆ 3ನೇ ತಾರೀಖು ಮದ್ದುಸೊಪ್ಪಿನ ಪಾಯಸ ಮಾಡಿದ್ದೆ. ಆ ನೇರಳೆ ಬಣ್ಣ ನೋಡಿದಾಗೆಲ್ಲ ನಿನ್ನದೇ ನೆನಪು.

ನೀನು ಕಳಿಸಿದ ರೂಮಿನ ಫೋಟೋ ನೋಡಿದೆ. ಎಲ್ಲ ಚೆನ್ನಾಗಿದೆ, ಆದರೆ ಫ್ರಿಜ್ಜಿನ ಬಾಗಿಲು ಬರೀ ಬೋಳು. ನಮ್ಮನೆ ಫ್ರಿಜ್ಜು ನೋಡಿ ಅಭ್ಯಾಸ ಆದ ಕಣ್ಣಿಗೆ ಅದೇನೋ ಒಂಥರಾ ಅನ್ನಿಸಿತು. ಅದಕ್ಕೇ ಒಂದು ವಾರ ಕೂತು ನಿನಗೆ ಮ್ಯಾಗ್ನೆಟ್ ಮಾಡಿದ್ದೇನೆ. ಒಟ್ಟು ಐದು.

ಮೂರನೇ ಕ್ಲಾಸಿನಲ್ಲಿ ನೀನು ಮಾಡಿದ ಆನೆ ನೆನಪಿದೆಯಾ? ಮಳೆ ರಜೆ ಕೊಟ್ಟಿದ್ದರು, ಕರೆಂಟೂ ಇರಲಿಲ್ಲ. ಎರಡು ಲೋಟ ಮೈದಾಕ್ಕೆ ಒಂದು ಲೋಟ ಉಪ್ಪು ಹಾಕಿ, ನೀರಲ್ಲಿ ಕಲಸಿ ಕೊಟ್ಟಿದ್ದೆ. ನೀನು ಮಾಡಿದ ಆನೆಗೆ ಒಂದು ಕಿವಿ ಮೊರದಷ್ಟು, ಇನ್ನೊಂದು ಹುಣಸೆಬೀಜದಷ್ಟು. ಎರಡು ದಿನ ಒಲೆ ಪಕ್ಕ ಒಣಗಿಸಿ, ಬಣ್ಣ ಬಳಿದು, ಫ್ರಿಜ್ಜಿಗೆ ಅಂಟಿಸಿದೆವು. ನಾಲ್ಕೇ ದಿನ. ಆನೆಯ ಮೈ ಬೆವರಿದ ಹಾಗೆ ಒದ್ದೆಯಾಯಿತು. ಸೊಂಡಿಲು ಮೆತ್ತಗಾಗಿ ಜೋತುಬಿತ್ತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ನೆಲದ ಮೇಲಿತ್ತು. ನೀನು ಬಿಕ್ಕಿಬಿಕ್ಕಿ ಅತ್ತೆ. ನಾನು ಸಮಾಧಾನ ಮಾಡೋದು ಬಿಟ್ಟು, ಸರಿಯಾಗಿ ಒಣಗಿಸದೆ ಬಣ್ಣ ಬಳಿದೆ ಅಂತ ನಿನಗೇ ಬೈದೆ.

ಅದು ನಿನ್ನ ತಪ್ಪಲ್ಲ ಪುಟ್ಟಿ. ಉಪ್ಪು ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ನಮ್ಮೂರ ಮಳೆಗಾಲದಲ್ಲಿ ಉಪ್ಪು ಹಾಕಿದ ಹಿಟ್ಟನ್ನು ಎಷ್ಟು ಒಣಗಿಸಿದರೂ ಅಷ್ಟೇ. ಅಡುಗೆಮನೆಯ ಉಪ್ಪಿನ ಡಬ್ಬಿ ನೀರೊಡೆಯುವುದನ್ನು ದಿನಾ ನೋಡುತ್ತಿದ್ದರೂ ಆಗ ನನಗೆ ಹೊಳೆಯಲಿಲ್ಲ. ಇಷ್ಟು ವರ್ಷ ಹೇಳಬೇಕು ಅಂದುಕೊಂಡೇ ಇದ್ದೆ, ಇವತ್ತು ಹೇಳುತ್ತಿದ್ದೇನೆ.

ಈ ಸಲದ ಆನೆಯನ್ನು ಎಂ-ಸೀಲಿನಲ್ಲಿ ಮಾಡಿದ್ದೇನೆ. ಅಪ್ಪ ನೀರಿನ ಟ್ಯಾಂಕಿನ ಸೋರಿಕೆಗೆ ಹಚ್ಚಿ ಉಳಿಸಿದ್ದ ಅಂಟುಹಿಟ್ಟು. ಅದು ಗಾಳಿಗೆ ಒಣಗಿ ಗಟ್ಟಿಯಾಗುವ ವಸ್ತುವಲ್ಲ. ಪ್ಯಾಕೆಟ್ಟಿನಲ್ಲಿ ಬೇರೆಬೇರೆಯಾಗಿ ಬರುವ ಎರಡು ಉಂಡೆ ಬೆರೆತರೆ ಸಾಕು, ತಾನಾಗೇ ಗಟ್ಟಿಯಾಗುತ್ತದೆ. ಮಳೆಗೂ ಅದಕ್ಕೂ ಸಂಬಂಧವಿಲ್ಲ. ಸಮಸಮ ತೆಗೆದುಕೊಂಡು, ಗೆರೆ ಕಾಣದೆ ಒಂದೇ ಬಣ್ಣ ಬರುವ ತನಕ ನಾದಬೇಕು. ಆಮೇಲೆ ಜಾಸ್ತಿ ಹೊತ್ತು ಸಿಗಲ್ಲ, ಬೇಗ ಬೇಗ ತಿದ್ದಬೇಕು. ಬೆರಳು ಒದ್ದೆ ಮಾಡಿಕೊಂಡರೆ ಮೈ ನುಣ್ಣಗೆ ಬರುತ್ತದೆ. ಕೈಗೆ ಗ್ಲೌಸ್ ಮರೆಯಬೇಡ. ಬೂದು ಬಣ್ಣವೇ ಬರುವುದರಿಂದ ಆನೆಗೆ ಪೇಂಟೂ ಬೇಡ. ಹಸಿಯಿದ್ದಾಗಲೇ ಎರಡು ಕರಿಮೆಣಸು ಒತ್ತಿದೆ, ಕಣ್ಣಾಯಿತು.

ಮೊದಲು ಮಾಡಿದ ಆನೆ ಭಾರ ಜಾಸ್ತಿಯಾಗಿತ್ತು. ಬೀಳಲಿಲ್ಲ, ಆದರೆ ರಾತ್ರಿ ಬಾಗಿಲ ಮೇಲ್ಗಡೆ ಇಟ್ಟರೆ ಬೆಳಿಗ್ಗೆ ಒಂದು ಗೇಣು ಕೆಳಗೆ ಜಾರಿರುತ್ತಿತ್ತು. ಹಾಗಾಗಿ ಇದನ್ನು ತೆಳ್ಳಗೆ ಮಾಡಿ, ಬೆನ್ನಿಗೆ ಎರಡು ಮ್ಯಾಗ್ನೆಟ್ ಕೂರಿಸಿದ್ದೇನೆ. ಅಂಟಿಸುವ ಮೊದಲು ಎರಡೂ ಕಡೆ ಉಪ್ಪುಕಾಗದದಲ್ಲಿ ಉಜ್ಜಿದೆ. ನುಣುಪಾದ ಮೈಗೆ ಅಂಟು ಹಿಡಿಯಲ್ಲ.

ಉಳಿದವು ಸುಲಭ. ಸೋಡಾ ಮುಚ್ಚಳದೊಳಗೆ ಹುರಿದ ಕಾಫಿ ಬೀಜ ಜೋಡಿಸಿ ಎರಡು ಗೂಬೆ ಮಾಡಿದೆ. ಕಣ್ಣಿಗೆ ಉದ್ದನೆಯ ಅರೇಬಿಕಾ, ಮೂಗಿಗೆ ಗುಂಡಗಿನ ರೋಬಸ್ಟಾ. ಬೀಜ ಕಪ್ಪಗೆ ಹುರಿದಿದ್ದರೆ ಎಣ್ಣೆ ಮೇಲೆ ಬಂದು ಅಂಟು ಕೂರಲ್ಲ, ನಸುಗಂದು ಬಣ್ಣದ್ದೇ ಆರಿಸು. ಐಸ್‌ಕ್ಯಾಂಡಿ ಕಡ್ಡಿಯ ತೋಟದ ಗೇಟು ಅಪ್ಪನ ಕೆಲಸ. ಕಪ್ಪು ಉಲ್ಲನ್ನಿನ ಜಿಗಣೆಗೆ ಎರಡು ಅಲುಗಾಡುವ ಕಣ್ಣು ಅಂಟಿಸಿದ್ದೇನೆ. ನೀನು ಕಿರುಚುತ್ತೀಯ ಅಂತ ಗೊತ್ತು, ಆದರೂ ಕರೆಂಟ್ ಬಿಲ್ಲು ಹಿಡಿಯಲು ಅದೇ ಸರಿ. ಅದರ ಬೆನ್ನಿಗೆ ಜಾಹೀರಾತಿನ ರಬ್ಬರ್ ಹಾಳೆ ಮ್ಯಾಗ್ನೆಟ್ ಕತ್ತರಿಸಿ ಹಾಕಿದ್ದೇನೆ. ಒಂದು ಕಾಗದಕ್ಕಷ್ಟೇ ಅದರ ಶಕ್ತಿ.

ಒಂದು ಮಾತು ಮಾತ್ರ ಮರೆಯಬೇಡ. ಆನೆಯ ಬೆನ್ನಲ್ಲಿರುವುದು ಬೆಳ್ಳಿ ಬಣ್ಣದ ಪುಟ್ಟ ಮ್ಯಾಗ್ನೆಟ್, ಶಕ್ತಿ ಬಹಳ. ಅಂಥವು ಎರಡು ಹೊಟ್ಟೆಗೆ ಹೋದರೆ ಕರುಳನ್ನು ನಡುವೆ ಸಿಕ್ಕಿಸಿಕೊಂಡು ಕಚ್ಚಿಕೊಳ್ಳುತ್ತವೆ, ಜೀವಕ್ಕೇ ಅಪಾಯ. ಕೆಳಗಿನ ಮನೆಯ ಪಾಪು ನಿನ್ನ ರೂಮಿಗೆ ಬರುತ್ತದೆ ಅಂದಿದ್ದೆಯಲ್ಲ, ಆನೆಯನ್ನು ಎತ್ತರದಲ್ಲೇ ಇಡು. ಕಿತ್ತುಬಂದರೆ ತಕ್ಷಣ ತೆಗೆದಿಡು.

ಹುತ್ತರಿಗೆ ಬರುವಾಗ ನೀನು ಮಾಡಿದ್ದೊಂದು ತಾ. ನಮ್ಮ ಫ್ರಿಜ್ಜಿನ ಮೇಲ್ಗಡೆ ಎಡಮೂಲೆ ಆಗಿನಿಂದ ಖಾಲಿಯೇ ಇದೆ.

ಎಲ್ಲವನ್ನೂ ಹಳೆ ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಅಂಟಿಸಿ ಕಳಿಸಿದ್ದೇನೆ. ಸ್ಟೀಲ್ ಡಬ್ಬಿಗೆ ಹಿಡಿಯಲೇ ಇಲ್ಲ. ತೆಗೆಯುವಾಗ ಆನೆಯನ್ನು ಎಳೆಯಬೇಡ, ಪಕ್ಕಕ್ಕೆ ಜಾರಿಸಿ ತೆಗೆ. ನಿನ್ನದರ ಹಾಗೇ ಒಂದು ಕಿವಿ ದೊಡ್ಡದು ಮಾಡಿದ್ದೇನೆ, ಅದು ತೆಳ್ಳಗಿದೆ.

ನಿನ್ನ
ಅಮ್ಮ