ದೊಡ್ಡಮ್ಮನಿಗೆ ಅನ್ನ ಹಾಕು ಅಕ್ಕಾ

ಬರ್ಲಿನ್, ಭಾನುವಾರ ರಾತ್ರಿ

ಪ್ರೀತಿಯ ಅಕ್ಕಾ,

ಫೋನ್ ಮಾಡಿದಾಗ ಭಾವ ಪಕ್ಕದಲ್ಲೇ ಇದ್ದರು, ಅವರ ಮುಂದೆ ವಾದ ಯಾಕೆ ಅಂತ ಸುಮ್ನಾದೆ. ಅದಕ್ಕೇ ಈ ಪತ್ರ. ಅವರಿಗೂ ಓದಿ ಹೇಳು, ಬೇಜಾರು ಮಾಡಿಕೊಳ್ಳುವ ಜನ ಅಲ್ಲ ಅವರು.

ದೊಡ್ಡಮ್ಮ ಮೊದಲು ಸಕ್ಕರೆ ಬಿಟ್ಟರು, ಆಮೇಲೆ ಬೆಲ್ಲ, ಹಣ್ಣು, ಈಗ ಅನ್ನ ಮುದ್ದೆ ಎರಡೂ ಬಿಟ್ಟು ಬರೀ ಸೊಪ್ಪಿನ ಪಲ್ಯ, ಮಜ್ಜಿಗೆ ಮೇಲಿದ್ದಾರೆ ಅಂದರೆ ಹೇಗೆ ಹೇಳು? ಅದೂ ಕೀಮೋ ನಡೆಯುತ್ತಿರುವಾಗ! "ಸಕ್ಕರೆ ಸಿಗದಿದ್ದರೆ ಗಡ್ಡೆ ತಾನೇ ಸಾಯುತ್ತೆ" ಅನ್ನುವ ವಾಟ್ಸಾಪ್ ಮೆಸೇಜು ನನಗೂ ಬಂದಿದೆ. ಪೂರ್ತಿ ಸುಳ್ಳಾಗಿದ್ದರೆ ಡಿಲೀಟ್ ಮಾಡು ಅಂದು ಮುಗಿಸುತ್ತಿದ್ದೆ. ಅದರಲ್ಲಿ ಅರ್ಧ ನಿಜ ಇದೆ, ತಲೆನೋವು ಅಲ್ಲೇ.

ಆ ಅರ್ಧ ನಿಜ ಹುಟ್ಟಿದ್ದು ಇದೇ ಊರಲ್ಲಿ. ಡಾಲೆಮ್ ಅನ್ನುವ ಬಡಾವಣೆಯಲ್ಲಿ ಆಟೋ ವಾರ್ಬರ್ಗ್ ಅನ್ನುವ ವಿಜ್ಞಾನಿಯ ಹೆಸರಿನ ಕಟ್ಟಡ ಇದೆ, ಈಗ ಅಲ್ಲಿ ಹಳೇ ದಾಖಲೆ ಇಡುತ್ತಾರೆ. 1920ರ ದಶಕದಲ್ಲಿ ವಾರ್ಬರ್ಗ್ ಇಲಿಯ ಗಡ್ಡೆಯನ್ನು ತೆಳ್ಳಗೆ ಸೀಳಿ, ಗಾಜಿನ ಪಾತ್ರೆಯಲ್ಲಿಟ್ಟು, ಎಷ್ಟು ಆಮ್ಲಜನಕ ಎಳೆಯುತ್ತೆ, ಎಷ್ಟು ಆಮ್ಲ ಬಿಡುತ್ತೆ ಅಂತ ಅಳೆದರು. ಆಮ್ಲಜನಕ ಧಾರಾಳವಾಗಿದ್ದರೂ ಕ್ಯಾನ್ಸರ್ ಕೋಶ ಗ್ಲೂಕೋಸನ್ನು ಪೂರ್ತಿ ಉರಿಸುವುದಿಲ್ಲ, ಅರ್ಧಕ್ಕೇ ಲ್ಯಾಕ್ಟಿಕ್ ಆಮ್ಲ ಮಾಡಿ ಹೊರಗೆ ಬಿಸಾಡುತ್ತೆ. ಒಂದು ಗ್ಲೂಕೋಸಿನಿಂದ ಸುಮಾರು 30 ಎಟಿಪಿ (ಕೋಶ ಖರ್ಚು ಮಾಡುವ ಶಕ್ತಿಯ ನಾಣ್ಯ ಅನ್ನು) ಸಿಗುವ ಕಡೆ ಬರೀ 2. ದಂಡ ಅನ್ನಿಸುತ್ತೆ ಅಲ್ವಾ? ಆದರೆ ಕೆಲಸ ಬೇಗ ಆಗುತ್ತೆ, ಹೊಸ ಕೋಶ ಕಟ್ಟಲು ಬೇಕಾದ ಸಾಮಾನೂ ಅದೇ ದಾರಿಯಲ್ಲಿ ಸಿಗುತ್ತೆ. ಕೋಶದ ಉಸಿರಾಟವೇ ಕೆಟ್ಟಿರುವುದರಿಂದ ಕ್ಯಾನ್ಸರ್ ಬರುತ್ತೆ ಅಂತ ವಾರ್ಬರ್ಗ್ ನಂಬಿದ್ದರು. ಅದು ನಿಲ್ಲಲಿಲ್ಲ, ಬಹಳಷ್ಟು ಕ್ಯಾನ್ಸರ್‌ಗಳಲ್ಲಿ ಕೋಶದ ಉಸಿರಾಟ ನಡೆಸುವ ಮೈಟೊಕಾಂಡ್ರಿಯ ಚೆನ್ನಾಗೇ ಕೆಲಸ ಮಾಡುತ್ತವೆ. ಅಂದಹಾಗೆ ಮೆಸೇಜಿನಲ್ಲಿ "ಕ್ಯಾನ್ಸರಿಗೆ ಕಾರಣ ಕಂಡುಹಿಡಿದಿದ್ದಕ್ಕೆ ನೊಬೆಲ್" ಅಂತಿದೆ ನೋಡು, 1931ರ ಆ ನೊಬೆಲ್ ಬಂದಿದ್ದು ಉಸಿರಾಟದ ಕಿಣ್ವದ ಕೆಲಸಕ್ಕೆ, ಕ್ಯಾನ್ಸರಿಗಲ್ಲ.

ಭಾವ ಪೆಟ್ ಸ್ಕ್ಯಾನ್ ರಿಪೋರ್ಟ್ ಹಿಡಿದುಕೊಂಡು "ಗಡ್ಡೆ ಸಕ್ಕರೆ ಎಳೆಯೋದು ಕಣ್ಣಿಗೇ ಕಾಣುತ್ತಲ್ಲ" ಅಂದರಂತೆ. ಕಾಣುತ್ತೆ, ಒಪ್ಪಿದೆ. ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿದ ಗ್ಲೂಕೋಸಿನಂಥ ಪದಾರ್ಥ ಚುಚ್ಚಿ, ಅದು ಎಲ್ಲಿ ಸೇರುತ್ತೆ ಅಂತ ನೋಡುವುದೇ ಆ ಸ್ಕ್ಯಾನ್. ಆದರೆ ಅದೇ ಚಿತ್ರದಲ್ಲಿ ಮಿದುಳೂ ಕಪ್ಪಗೆ ಕಾಣುತ್ತಿರುತ್ತೆ (ಕಪ್ಪು ಅಂದರೆ ಸಕ್ಕರೆ ಸೇರಿದ ಜಾಗ), ತೋರಿಸು ಅವರಿಗೆ. ಸಕ್ಕರೆ ಎಳೆಯುವುದು ಗಡ್ಡೆ ಒಂದೇ ಅಲ್ಲ.

ಗಡ್ಡೆ ಅಂದರೆ ಬರೀ ಕ್ಯಾನ್ಸರ್ ಕೋಶಗಳ ಉಂಡೆ ಅಂದುಕೊಳ್ಳಬೇಡ. ಅದು ಒಂದೇ ನಲ್ಲಿ ಇರುವ ವಠಾರ. ರಕ್ತನಾಳ, ನಾರು ಹೆಣೆಯುವ ಫೈಬ್ರೊಬ್ಲಾಸ್ಟ್, ಕಸ, ರೋಗಾಣು ನುಂಗುವ ಮ್ಯಾಕ್ರೊಫೇಜ್, ಕ್ಯಾನ್ಸರ್ ಕೊಲ್ಲಲು ಬಂದ ರೋಗನಿರೋಧಕ ಟಿ ಕೋಶ, ಎಲ್ಲರೂ ಅಲ್ಲೇ. ರಕ್ತನಾಳದಿಂದ ಆಮ್ಲಜನಕ ಹೋಗುವುದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ದೂರ, ಅಷ್ಟೇ. ಆಚೆ ಇರುವ ಕೋಶಗಳು ಹೊಸ ನಾಳ ಬೇಕು ಅಂತ ಸಂದೇಶ ಕಳಿಸುತ್ತವೆ. (ಆಮ್ಲಜನಕ ಕಮ್ಮಿಯಾದಾಗ ಕೋಶಕ್ಕೆ ಹೇಗೆ ಗೊತ್ತಾಗುತ್ತೆ ಅಂತ ಬಿಡಿಸಿದವರಿಗೇ 2019ರ ವೈದ್ಯಕೀಯ ನೊಬೆಲ್.) ಬರುವ ನಾಳಗಳೋ ಸೊಟ್ಟ, ಸೋರುತ್ತವೆ. ಒಬ್ಬರು ಬಿಸಾಡಿದ ಲ್ಯಾಕ್ಟೇಟನ್ನು (ಅದೇ ಲ್ಯಾಕ್ಟಿಕ್ ಆಮ್ಲ) ನಲ್ಲಿ ಹತ್ತಿರದವರು, ಅಂದರೆ ರಕ್ತನಾಳದ ಪಕ್ಕದವರು, ಎತ್ತಿಕೊಂಡು ಉರಿಸುತ್ತಾರೆ. ಮೇದೋಜೀರಕದ ಕ್ಯಾನ್ಸರಿನಲ್ಲಂತೂ ಪಕ್ಕದ ಕೋಶಗಳು ತಮ್ಮದನ್ನೇ ಕರಗಿಸಿ ಅಲನಿನ್ ಅನ್ನುವ ಅಮೈನೋ ಆಮ್ಲ ಕೊಟ್ಟು ಗಡ್ಡೆಯನ್ನು ಸಾಕುತ್ತವೆ.

ಪಾಪ ಅನ್ನಿಸುವುದು ಟಿ ಕೋಶ. ಹೋರಾಡಲು ಅದಕ್ಕೂ ಗ್ಲೂಕೋಸ್ ಬೇಕು, ಅಲ್ಲಿ ಸಿಗಲ್ಲ, ಮೇಲಿಂದ ಸುತ್ತಲೂ ಹುಳಿ. ಆ ಹುಳಿ ನಮ್ಮ ಲ್ಯಾಬಲ್ಲಿ ದಿನಾ ಕಣ್ಣಿಗೆ ಬೀಳುತ್ತೆ. ಕೋಶ ಬೆಳೆಸುವ ದ್ರವಕ್ಕೆ ಫೀನಾಲ್ ರೆಡ್ ಅನ್ನುವ, ಹುಳಿಯಾದರೆ ಹಳದಿಗೆ ತಿರುಗುವ ಬಣ್ಣ ಹಾಕಿರುತ್ತಾರೆ, ಹೊಸದು ಕೆಂಪಗಿರುತ್ತೆ. ಕೋಶ ಒತ್ತೊತ್ತಾಗಿರುವ ಫ್ಲಾಸ್ಕನ್ನು ಶುಕ್ರವಾರ ಇನ್‌ಕ್ಯುಬೇಟರಿನಲ್ಲಿ ಬಿಟ್ಟು ಹೋದರೆ ಸೋಮವಾರ ನಿಂಬೆಹಣ್ಣಿನ ಬಣ್ಣ. ನಾವು ಹೀರಿ ತೆಗೆದು ಹೊಸದು ಹಾಕುತ್ತೇವೆ, ಗಡ್ಡೆಯೊಳಗೆ ಯಾರು ಹಾಕುತ್ತಾರೆ? ಟಿ ಕೋಶ ಸುಸ್ತಾಗುತ್ತೆ, ಮ್ಯಾಕ್ರೊಫೇಜ್ ಹೊಡೆಯುವುದು ಬಿಟ್ಟು ಗಾಯ ಮಾಗಿಸುವ ಕೆಲಸಕ್ಕೆ ಇಳಿಯುತ್ತೆ, ಅದರಿಂದ ಲಾಭ ಗಡ್ಡೆಗೇ. ಇಷ್ಟಕ್ಕೂ 2021ರಲ್ಲಿ ಇಲಿಗಳ ಗಡ್ಡೆಯಲ್ಲಿ ಕೋಶ ಕೋಶವಾಗಿ ಬೇರ್ಪಡಿಸಿ ನೋಡಿದಾಗ ಜಾಸ್ತಿ ಗ್ಲೂಕೋಸ್ ಎಳೆದದ್ದು ಮ್ಯಾಕ್ರೊಫೇಜ್ ಜಾತಿಯವು, ಕ್ಯಾನ್ಸರ್ ಕೋಶ ಮುಂದಿದ್ದದ್ದು ಗ್ಲುಟಮಿನ್ ಅನ್ನುವ ಅಮೈನೋ ಆಮ್ಲ ಎಳೆಯುವುದರಲ್ಲಿ. ಗ್ಲುಟಮಿನನ್ನು ನಮ್ಮ ಮೈಯೇ ತಯಾರಿಸುತ್ತೆ. ಅದನ್ನು ಹೇಗೆ ಬಿಡುತ್ತಾರೆ ದೊಡ್ಡಮ್ಮ?

ಅನ್ನ ಬಿಟ್ಟರೆ ರಕ್ತದಲ್ಲಿ ಸಕ್ಕರೆ ಸೊನ್ನೆಯಾಗಲ್ಲ ಅಕ್ಕಾ. ಲಿವರ್ ಬಿಡಲ್ಲ. ಸ್ನಾಯು ಕರಗಿಸಿ, ಅದರಿಂದ ಗ್ಲೂಕೋಸ್ ಮಾಡಿ ರಕ್ತಕ್ಕೆ ಹಾಕುತ್ತೆ, ಗಡ್ಡೆ ಅದನ್ನೇ ತಿನ್ನುತ್ತೆ. ಗಡ್ಡೆ ಬಿಟ್ಟ ಲ್ಯಾಕ್ಟೇಟನ್ನೂ ಲಿವರ್ ಮತ್ತೆ ಗ್ಲೂಕೋಸ್ ಮಾಡಬೇಕು: ಗಡ್ಡೆಗೆ 2 ಎಟಿಪಿ ಲಾಭ, ದೊಡ್ಡಮ್ಮನ ಲಿವರಿಗೆ 6 ಖರ್ಚು. ತೂಕ ಇಳಿಯುವುದಕ್ಕೆ ಇದೂ ಒಂದು ಕಾರಣ. ಅವರ ರವಿಕೆ ತೋಳು ಸಡಿಲವಾಗಿದೆ ಅಂದೆಯಲ್ಲ, ಹೋಗಿರುವುದು ಸ್ನಾಯು, ಗಡ್ಡೆಯಲ್ಲ.

ಮೈಯ ಹುಳಿ ಕಳೆಯಲಿ ಅಂತ ಕುಡಿಸುತ್ತಿರುವ ಆ ಅಡುಗೆ ಸೋಡಾ ನೀರನ್ನೂ ನಿಲ್ಲಿಸಿ. ರಕ್ತದ ಪಿಎಚ್ಚನ್ನು (ಹುಳಿ ಎಷ್ಟು ಅನ್ನುವ ಅಳತೆ) ಶ್ವಾಸಕೋಶ, ಮೂತ್ರಪಿಂಡ ಸೇರಿ 7.35ರಿಂದ 7.45ರೊಳಗೆ ಹಿಡಿದಿಡುತ್ತವೆ, ಗಡ್ಡೆಯ ಹುಳಿ ಗಡ್ಡೆಯೇ ಮಾಡಿಕೊಂಡಿದ್ದು. ಸೋಡಾ ಕುಡಿದರೆ ಮೈಗೆ ಬೇಡದ ಸೋಡಿಯಂ ಸೇರುತ್ತೆ.

ಕ್ಯಾನ್ಸರನ್ನು ಉಪವಾಸ ಕೆಡವುವುದು ಆಗಲ್ಲ ಅಂತಲ್ಲ. ಮಕ್ಕಳ ರಕ್ತದ ಕ್ಯಾನ್ಸರ್ ಒಂದಕ್ಕೆ ಆಸ್ಪರಾಜಿನೇಸ್ ಅನ್ನುವ ಔಷಧಿ ಎಷ್ಟೋ ವರ್ಷದಿಂದ ಇದೆ. ಆ ಕೋಶಗಳಿಗೆ ಆಸ್ಪರಾಜಿನ್ ಅನ್ನುವ ಅಮೈನೋ ಆಮ್ಲ ಸಾಕಷ್ಟು ಮಾಡಿಕೊಳ್ಳಲು ಬರಲ್ಲ, ಔಷಧಿ ಅದನ್ನು ರಕ್ತದಲ್ಲೇ ಒಡೆದು ಹಾಕುತ್ತೆ. ಅದು ಇಂಜೆಕ್ಷನ್ನಿನಿಂದ ಆಗುವ ಕೆಲಸ, ತಟ್ಟೆಯಿಂದಲ್ಲ. ಎಲ್ಲ ಸಲ ಗೆಲ್ಲುವುದೂ ಇಲ್ಲ: ಟ್ರಿಪ್ಟೊಫಾನ್ ಅನ್ನುವ ಇನ್ನೊಂದು ಅಮೈನೋ ಆಮ್ಲ ಒಡೆಯುವುದನ್ನು ತಡೆಯುವ ಔಷಧಿಯ ಮೇಲೆ ಎಲ್ಲರೂ ಭಾರೀ ಆಸೆ ಇಟ್ಟಿದ್ದರು, 2018ರಲ್ಲಿ ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರಿನ ದೊಡ್ಡ ಪರೀಕ್ಷೆಯಲ್ಲೇ ಸೋತಿತು.

ಈಗ ಮಾಡಬೇಕಾದ್ದು. ದೊಡ್ಡಮ್ಮನಿಗೆ ಶುಗರ್ ಇಲ್ಲ, ಹಾಗಾಗಿ ಅನ್ನ, ಮುದ್ದೆ ನಾಳೆಯಿಂದಲೇ ಶುರು ಮಾಡಿ. ಮೈಸೂರುಪಾಕು ತಿನ್ನಿಸು ಅಂತ ಹೇಳುತ್ತಿಲ್ಲ. ಪ್ರೋಟೀನ್ ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂ ಅನ್ನುತ್ತಾರೆ, ಅಂದರೆ ಅವರಿಗೆ 50 ಗ್ರಾಂ ಆದರೂ ಬೇಕು. ಬೇಳೆ, ಮೊಸರು, ಹೆಸರುಕಾಳು, ಒಪ್ಪಿದರೆ ಮೊಟ್ಟೆ. ಒಂದೇ ಸಲ ಸೇರಲ್ಲ, ಸ್ವಲ್ಪ ಸ್ವಲ್ಪ ಐದಾರು ಸಲ ಕೊಡಿ. ಮುಂದಿನ ಕೀಮೋಗೆ ಹೋದಾಗ ಡಯಟೀಷಿಯನ್ ಹತ್ತಿರ ಕೂತು ಕೇಳಿ, ತೂಕ ಬರೆಸಿಕೊಂಡು ಬಂದು ನನಗೆ ಕಳಿಸು. ಮತ್ತೆ ಆ ಮೆಸೇಜು ಗ್ರೂಪಿಗೆ ಹಾಕಿದ್ದು ಚಿಕ್ಕಪ್ಪ ಅಲ್ವಾ? ಅವರಿಗೆ ನಾನೇ ಫೋನ್ ಮಾಡುತ್ತೇನೆ, ನೀನು ಬಾಯಿ ಹಾಕಬೇಡ.

ನಿನ್ನ ಪುಟ್ಟಿ