ಏಳು ಏಟಿಗೆ ಮುರಿದ ‘ಫುಲ್ ಟ್ಯಾಂಗ್’ ಚಾಕು

ಇವರಿಗೆ,
ಗ್ರಾಹಕರ ಕುಂದುಕೊರತೆ ಅಧಿಕಾರಿಗಳು

ವಿಷಯ: 1,899 ರೂಪಾಯಿಯ ಕ್ಯಾಂಪಿಂಗ್ ಚಾಕು ಮುರಿದ ಬಗ್ಗೆ, ಹಣ ವಾಪಸ್ ಕೊಡದ ಬಗ್ಗೆ

ಮಾನ್ಯರೇ,

ನಾಲ್ಕು ಸಲ ಫೋನ್ ಮಾಡಿದ್ದೇನೆ, ಎರಡು ಮೇಲ್ ಹಾಕಿದ್ದೇನೆ. ಎಲ್ಲವನ್ನೂ ‘ದಯವಿಟ್ಟು’ ಅಂತಲೇ ಶುರು ಮಾಡಿದ್ದೆ. ಈ ಪತ್ರದಲ್ಲಿ ಆ ಪದ ಹುಡುಕಬೇಡಿ.

ತೀರ್ಥಹಳ್ಳಿ ಹತ್ತಿರ ಭಾವನ ತೋಟ ಇದೆ. ಅದರ ಅಂಚಲ್ಲಿ ಟೆಂಟ್ ಹಾಕಿ ಒಂದು ರಾತ್ರಿ ಕಳೆಯಬೇಕು ಅಂತ ಸೋದರಳಿಯನ ಹಠ. ಅದಕ್ಕೊಂದು ಗಟ್ಟಿ ಚಾಕು ಬೇಕಿತ್ತು. ಎರಡು ಸಾವಿರದ ಒಳಗೆ ಇರಬೇಕು, ಹತ್ತು ವರ್ಷ ಬಾಳಬೇಕು, ಇಷ್ಟೇ. ಕೊನೆಗೆ ಎರಡು ಉಳಿದವು. ಒಂದು ಸ್ವೀಡನ್ನಿನ ಮೋರಾ ಕಂಪ್ಯಾನಿಯನ್. ಇನ್ನೊಂದು ನಿಮ್ಮದು. ಮೋರಾದ ಕಬ್ಬಿಣ ಹಿಡಿಯ ತುದಿಯವರೆಗೂ ಹೋಗಲ್ಲ. ನಿಮ್ಮದು ಫುಲ್ ಟ್ಯಾಂಗ್, ಅಂದರೆ ಅಲಗಿನ ಕಬ್ಬಿಣವೇ ಅಷ್ಟೇ ಅಗಲವಾಗಿ ಹಿಡಿಯ ಕೊನೆವರೆಗೂ ಇದೆ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದಿರಿ. ನಂಬಿದೆ. ‘ಹೈ ಕಾರ್ಬನ್ ಸ್ಟೀಲ್, ತುಕ್ಕು ಹಿಡಿಯುವುದೇ ಇಲ್ಲ’ ಅಂತ ಒಂದೇ ಸಾಲಲ್ಲಿ ಇದ್ದಾಗಲೇ ಅನುಮಾನ ಬರಬೇಕಿತ್ತು. ಎಣ್ಣೆ ಸವರದೆ ಇಟ್ಟರೆ ನಮ್ಮನೆ ಕತ್ತಿ ಮಳೆಗಾಲದಲ್ಲಿ ನಾಲ್ಕೇ ದಿನಕ್ಕೆ ಕೆಂಪಾಗುತ್ತದೆ.

ಮುರಿದದ್ದು ಹೀಗೆ. ಮಣಿಕಟ್ಟಿನಷ್ಟು ದಪ್ಪದ ಒಣ ಅಕೇಶಿಯಾ ತುಂಡು. ಅದರ ತಲೆ ಮೇಲೆ ಚಾಕು ಅಡ್ಡ ಇಟ್ಟು, ಬೆನ್ನಿಗೆ ಮರದ ಕೊಡತಿಯಿಂದ ಬಡಿದೆ. ನಿಮ್ಮ ಪೇಜಿನ ಮೂರನೇ ಫೋಟೋದಲ್ಲಿ ಗಡ್ಡದ ವಿದೇಶಿಯೊಬ್ಬರು ಮಾಡುವುದೂ ಇದನ್ನೇ. ಏಳನೇ ಏಟಿಗೆ ಅಲಗು ಮರದಲ್ಲಿ, ಹಿಡಿ ನನ್ನ ಕೈಯಲ್ಲಿ. ಹಿಡಿಯೊಳಗೆ ಇಣುಕಿದರೆ ಪೆನ್ ರೀಫಿಲ್‌ಗಿಂತ ತುಸು ದಪ್ಪದ ಒಂದು ಕಡ್ಡಿ. ಕಿರುಬೆರಳಿನಷ್ಟೂ ಉದ್ದ ಇಲ್ಲ. ಅಲಗಿಗೆ ವೆಲ್ಡ್ ಮಾಡಿದ ಗುರುತು ಬರಿಗಣ್ಣಿಗೇ ಕಾಣುತ್ತದೆ. ಉಳಿದ ಜಾಗದಲ್ಲೆಲ್ಲ ಬರೀ ಗೋಂದು. ಹೊರಗೆ ಕಾಣುವ ಮೂರು ರಿವೆಟ್‌ಗಳು ಏನನ್ನೂ ಹಿಡಿದಿರಲಿಲ್ಲ, ಸುಮ್ನೆ ಅಲಂಕಾರಕ್ಕೆ. ಅಳಿಯ ಪಕ್ಕದಲ್ಲೇ ಕೂತಿದ್ದ. ಅಲಗು ಮರದಲ್ಲಿ ಸಿಕ್ಕಿಕೊಂಡಿದ್ದು ಅವನ ಪುಣ್ಯ.

ಇನ್ನು ನಿಮ್ಮ ‘ಪ್ರಾಡಕ್ಟ್ ಎಕ್ಸ್‌ಪರ್ಟ್’ ವಿಷಯ. ವಿಡಿಯೋ ಕಾಲ್ ಕಡ್ಡಾಯ ಅಂದಿರಿ, ಒಪ್ಪಿದೆ. ಬೆಳಕು ಸಾಲದು ಅಂದರು, ಜಗಲಿಗೆ ಬಂದೆ.

“ಸರ್, ನೈಫನ್ನ ಮುಖದ ಪಕ್ಕ ಹಿಡ್ಕೊಳ್ಳಿ.”

ಹಿಡಿದೆ.

“ಇನ್ನೂ ಮೇಲೆ ಸರ್. ಮುಖ, ನೈಫ್ ಎರಡೂ ಒಂದೇ ಫ್ರೇಮಲ್ಲಿ ಬರಬೇಕು.”

ಅಷ್ಟರಲ್ಲಿ ಗ್ಯಾಸ್ ಸಿಲಿಂಡರ್ ಹುಡುಗ ಬಂದ. ಕೆನ್ನೆ ಪಕ್ಕ ಮುರಿದ ಚಾಕು ಹಿಡಿದು ಫೋನಿನ ಮುಂದೆ ನಿಂತಿದ್ದ ನನ್ನನ್ನು ನೋಡಿ, ಸಿಲಿಂಡರನ್ನು ಗೇಟಿನ ಹತ್ತಿರವೇ ಇಳಿಸಿ ಹೋದ. ದುಡ್ಡನ್ನೂ ಕೇಳಲಿಲ್ಲ.

“ಎಷ್ಟು ಸಲ ಹೊಡೆದ್ರಿ ಸರ್?”

“ಆರೋ ಏಳೋ.”

“ಕರೆಕ್ಟಾಗಿ ಹೇಳಿ ಸರ್. ಫಾರಂನಲ್ಲಿ ಒಂದೇ ನಂಬರ್ ಹಾಕೋಕಾಗೋದು.”

“ಏಳು.”

“ಯಾವುದ್ರಲ್ಲಿ ಹೊಡೆದ್ರಿ?”

“ಕೊಡತಿಲಿ.”

“ಅದೂ ನಮ್ಮಲ್ಲೇ ತಗೊಂಡಿದ್ದಾ ಸರ್?”

ಪಕ್ಕದಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ಅಮ್ಮ ಜೋರಾಗಿ ನಕ್ಕುಬಿಟ್ಟರು. ಆ ನಗು ನಿಮ್ಮ ರೆಕಾರ್ಡಿಂಗಿನಲ್ಲಿ ಇರಬೇಕು, ಕೇಳಿ ನೋಡಿ. ಕೊನೆಗೆ ತೀರ್ಪು ಬಂತು. “ಸರ್, ಇದು ಮಿಸ್‌ಯೂಸ್. ಹಣ್ಣು, ತರಕಾರಿ ಕಟ್ ಮಾಡಿದ್ರೆ ಏನೂ ಆಗ್ತಿರ್ಲಿಲ್ಲ. ಬೇರೆ ಏನಾದ್ರೂ ಸಹಾಯ ಬೇಕಾ?” ಫೋನ್ ಇಟ್ಟ ಎರಡೇ ನಿಮಿಷಕ್ಕೆ ‘ನಮ್ಮ ಸೇವೆಗೆ ಐದು ಸ್ಟಾರ್ ಕೊಡಿ’ ಅಂತ ಮೆಸೇಜ್.

ಸೌತೆಕಾಯಿ ಹೆಚ್ಚಲು ನಮ್ಮನೆಯಲ್ಲಿ ಅರವತ್ತು ರೂಪಾಯಿಯ ಚಾಕು ಇದೆ. ಸೌದೆ ಸೀಳುವುದು ಮಿಸ್‌ಯೂಸ್ ಆದರೆ ಆ ಗಡ್ಡದವರಿಗೂ ಒಂದು ವಿಡಿಯೋ ಕಾಲ್ ಮಾಡಿ. ಅಪ್ಪನ ಕಾಲದ ಕತ್ತಿಯೊಂದು ಅಟ್ಟದ ಮೇಲಿದೆ. ಊರಿನ ಆಚಾರ್ರು ಲಾರಿಯ ಸ್ಪ್ರಿಂಗ್ ಪಟ್ಟಿ ಬಡಿದು ಮಾಡಿಕೊಟ್ಟಿದ್ದು. ಅದರ ಹಿಡಿಯೊಳಗೂ ಕಡ್ಡಿಯೇ ಇರುವುದು. ಆದರೆ ಅವರು ಯಾರಿಗೂ ಫುಲ್ ಟ್ಯಾಂಗ್ ಅಂತ ಹೇಳಿ ಮಾರಲಿಲ್ಲ.

ಇ-ಕಾಮರ್ಸ್ ನಿಯಮಗಳು 2020ರಿಂದಲೂ ಇವೆ. ದೂರು ಬಂದಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದ ಮಾಲನ್ನು ವಾಪಸ್ ತಗೊಳ್ಳಲ್ಲ ಅನ್ನುವಂತಿಲ್ಲ. ನಿಮಗೆ ಗೊತ್ತಿಲ್ಲದ್ದೇನಲ್ಲ, ಅಲ್ವಾ? ನನ್ನ ಮೊದಲ ಮೇಲ್‌ಗೆ ಇವತ್ತಿಗೆ 41 ದಿನ. ಸಿಕ್ಕ ಉತ್ತರ ಒಂದೇ, ಹಬ್ಬದ ಆಫರ್. ಜೊತೆಗೆ ನೂರು ರೂಪಾಯಿಯ ಕೂಪನ್. ಇನ್ನೊಂದು ಚಾಕು ಕೊಳ್ಳಲಿ ಅಂತಲೇ?

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದಾಗಿದೆ. ಏಳು ದಿನದಲ್ಲಿ 1,899 ರೂಪಾಯಿ ಪೂರ್ತಿ ಬರದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಐದು ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ನಾನು ವಾಸ ಇರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. ವಕೀಲರೂ ಬೇಕಿಲ್ಲ, ಬಸ್ಸಿಗೆ ಅರ್ಧ ಗಂಟೆ. ಓಡಾಡಬೇಕಾದವರು ನೀವು.

ಎರಡೂ ತುಂಡು ಕವರಿನಲ್ಲಿ ಭದ್ರವಾಗಿವೆ. ಕೊಡತಿಯನ್ನೂ ತರುತ್ತೇನೆ, ನಿಮ್ಮಲ್ಲಿ ಕೊಂಡಿದ್ದಲ್ಲದಿದ್ದರೂ. ನಿಮ್ಮ ಎಕ್ಸ್‌ಪರ್ಟ್‌ ಒಂದು ಹೊಸ ಚಾಕು ತಂದು, ಆಯೋಗದ ಎದುರು ಏಳು ಏಟು ಹೊಡೆದು ತೋರಿಸಲಿ. ಎಣಿಸುವ ಕೆಲಸ ಅಮ್ಮನದು.

ಇತಿ,
ನಿಮ್ಮ ಹಳೆಯ ಗ್ರಾಹಕ
(ಆರ್ಡರ್ ನಂಬರ್ ನಿಮ್ಮ ಬಳಿಯೇ ಇದೆ. ನನ್ನಿಂದ ಐದು ಸಲ ಕೇಳಿ ಬರೆದುಕೊಂಡಿದ್ದೀರಿ.)