ಮಿಕ್ಸಿ ಇಲ್ಲ, ಫ್ರಿಜ್ ಇಲ್ಲ, ಊಟ ಮಾತ್ರ ಆಗಬೇಕು

ಹಾಸನ
ಡಿಸೆಂಬರ್ ಮೊದಲ ವಾರ

ಪ್ರೀತಿಯ ಸೀನ,

ನಿನ್ನ ಮೆಸೇಜು ನೋಡಿದೆ. ಮೂಡಿಗೆರೆ ಹತ್ತಿರ ಗೊತ್ತಿರುವವರ ಕಾಫಿ ತೋಟ, ಎರಡು ಟೆಂಟು, ಎರಡು ರಾತ್ರಿ. ನೀನು, ಹೇಮಾ, ಮಕ್ಕಳಿಬ್ಬರು, ಜೊತೆಗೆ ಅಮ್ಮ. ಕರೆಂಟಿಲ್ಲ, ಅಡುಗೆ ನಾವೇ ಮಾಡಿಕೊಳ್ಳಬೇಕು, ಏನು ಮಾಡಲಿ ಅಂತ ಕೇಳಿದ್ದೀಯ. ಫೋನಲ್ಲಿ ಹೇಳಿದರೆ ಅರ್ಧ ಮರೆತುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಇದೇ ಪ್ರಶ್ನೆಯನ್ನು ಬೇರೆಯವರೂ ಕೇಳುತ್ತಿರುತ್ತಾರೆ. ಹಾಗಾಗಿ ಎಲ್ಲರೂ ಓದುವ ಕಡೆಯೇ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಕರೆಂಟಿಲ್ಲ ಅಂದ ಕೂಡಲೇ ಎಲ್ಲರೂ ಒಲೆಯ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಮನೆಯಲ್ಲೂ ನಾವು ಗ್ಯಾಸಿನ ಮೇಲೆ ತಾನೇ ಬೇಯಿಸೋದು? ಕರೆಂಟು ಹೋದರೆ ನಮ್ಮ ಅಡುಗೆಮನೆಯಲ್ಲಿ ನಿಜವಾಗಿ ನಿಲ್ಲೋದು ಮಿಕ್ಸಿ, ಫ್ರಿಜ್ಜು, ಮತ್ತೆ ದೀಪ. ಆದ್ದರಿಂದ ಏನು ಮಾಡಲಿ ಅಂತ ಯೋಚಿಸುವಾಗ ಇಷ್ಟು ಕೇಳಿಕೋ: ಇದಕ್ಕೆ ರುಬ್ಬಬೇಕಾ? ನಾಳೆಗೆ ಕೆಡುತ್ತದಾ? ಕತ್ತಲಲ್ಲಿ ಹೆಚ್ಚುತ್ತಾ ಕೂರಬೇಕಾ? ಒಂದಕ್ಕೆ ಹೌದು ಅಂತ ಬಂದರೂ ಅದನ್ನು ಕೈಬಿಡು. ಬಿಸಿಬೇಳೆ ಬಾತ್ ಮಾಡುವ ಆಸೆ ಇದೆ ಅಂದಿದ್ದೀಯ. ಬೇಡ ಮಾರಾಯ. ಬೇಳೆ ಬೇಯಬೇಕು, ಐದಾರು ತರಕಾರಿ ಹೆಚ್ಚಬೇಕು, ಹುಣಸೆಹಣ್ಣು ಕಿವುಚಬೇಕು, ಒಗ್ಗರಣೆ ಬೇರೆ. ಆಮೇಲೆ ತಳ ಹಿಡಿದ ಪಾತ್ರೆಯನ್ನು ಆ ಚಳಿಯಲ್ಲಿ ತಿಕ್ಕುವವರು ಯಾರು? ನೀನಂತೂ ಅಲ್ಲ ಅಂತ ನನಗೆ ಗೊತ್ತು.

ಅಡುಗೆಯ ಮುಕ್ಕಾಲು ಭಾಗ ಬೆಂಗಳೂರಲ್ಲೇ ಮುಗಿದಿರಬೇಕು. ತೋಟದಲ್ಲಿ ನೀನು ಮಾಡೋದು ನೀರು ಕಾಯಿಸಿ ಸುರಿಯುವ ಕೆಲಸ, ಅಷ್ಟೆ.

ಮಿಕ್ಸಿ ಇಲ್ಲದಿದ್ದರೆ ಹಸಿ ಮಸಾಲೆ ಇಲ್ಲ, ಕಾಯಿ ಚಟ್ನಿ ಇಲ್ಲ. ಇರಲಿ ಬಿಡು. ಸಾರಿನ ಪುಡಿ, ಚಟ್ನಿಪುಡಿ, ಒಂದು ಬಾಟಲಿ ಪುಳಿಯೋಗರೆ ಗೊಜ್ಜು ಇದ್ದರೆ ಎರಡು ದಿನ ಕಳೆಯುತ್ತದೆ. ಹಸಿ ಕಾಯಿತುರಿ ಬೆಳಿಗ್ಗೆ ಇಟ್ಟರೆ ಸಂಜೆಗೆ ವಾಸನೆ ಬರುತ್ತದೆ, ಅದರ ಬದಲು ಕೊಬ್ಬರಿ ತುರಿದುಕೊಂಡು ಹೋಗು. ಶುಂಠಿ, ಮೆಣಸು ಜಜ್ಜಲು ಒಂದು ಸಣ್ಣ ಕುಟ್ಟಾಣಿ ಸಾಕು.

ಫ್ರಿಜ್ಜಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಹಾಲಿಗೆ ಪ್ಲಾಸ್ಟಿಕ್ ಪ್ಯಾಕೆಟ್ ಬೇಡ. ನಂದಿನಿ ಗುಡ್‌ಲೈಫ್ ಥರದ ಯುಎಚ್‌ಟಿ ಹಾಲು, ಅಂದರೆ ತುಂಬ ಬಿಸಿಯಲ್ಲಿ ಕಾಯಿಸಿ ಸೀಲ್ ಮಾಡಿದ ಹಾಲು ತಗೋ. ಪ್ಯಾಕೆಟ್ ಕತ್ತರಿಸುವವರೆಗೂ ಅದು ಹೊರಗೇ ಇರಬಹುದು. ಕತ್ತರಿಸಿದ ಮೇಲೆ ಮಾತ್ರ ಅವತ್ತೇ ಮುಗಿಸಬೇಕು, ಆದ್ದರಿಂದ ಲೀಟರಿನದು ಬೇಡ, ಅರ್ಧ ಲೀಟರಿನದ್ದು ಒಳ್ಳೇದು. ಮೊಟ್ಟೆಗೆ ಭಯ ಇಲ್ಲ, ಅಂಗಡಿಯಲ್ಲೂ ಅದು ಹೊರಗೇ ಇರುತ್ತದೆ. ತರಕಾರಿಯಲ್ಲಿ ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್ಟು, ಬದನೆಕಾಯಿ, ಸ್ವಲ್ಪ ದೋರೆಯಾದ ಟೊಮೆಟೊ ತಗೋ. ಒಂದು ಮಂಗಳೂರು ಸೌತೆಯೂ ಇರಲಿ. ಕರಾವಳಿಯ ಮನೆಗಳಲ್ಲಿ ಅದನ್ನು ಬಾಳೆನಾರಿನಲ್ಲಿ ಕಟ್ಟಿ ಸೂರಿಗೆ ತೂಗುಹಾಕಿ ತಿಂಗಳುಗಟ್ಟಲೆ ಇಡುತ್ತಾರೆ, ನಿನಗೆ ಎರಡು ದಿನ ಬಾರದೇ ಇರುತ್ತದಾ? ಸೊಪ್ಪು ಬೇಡ, ಮೊದಲು ಬಾಡೋದೇ ಅದು. ಕೋಳಿ ಬೇಕೇ ಬೇಕು ಅಂತ ಮಕ್ಕಳು ಹಟ ಹಿಡಿದರೆ ಮೂಡಿಗೆರೆಯಲ್ಲಿ ಕೊಂಡು ಮೊದಲ ಸಂಜೆಯೇ ಮಾಡಿ ಮುಗಿಸು. ಮರುದಿನಕ್ಕೆ ಅಂತ ಎತ್ತಿಡಬೇಡ.

ಮೊಸರು ಹೊತ್ತುಕೊಂಡು ಹೋಗಲೇಬೇಡ. ನಮ್ಮ ಅಜ್ಜಿಯರು ರೈಲಿಗೆ ಬುತ್ತಿ ಕಟ್ಟುತ್ತಿದ್ದ ರೀತಿ ಇದೆಯಲ್ಲ, ಅದನ್ನೇ ಮಾಡು. ಅನ್ನವನ್ನು ಮೆತ್ತಗೆ ಮಾಡಿ ಚೆನ್ನಾಗಿ ಕಿವುಚು. ಅದು ಮುಳುಗುವಷ್ಟು ಉಗುರುಬೆಚ್ಚಗಿನ ಹಾಲು ಹಾಕಿ, ಒಂದೇ ಒಂದು ಚಮಚ ಮೊಸರು ಬೆರೆಸು. ಉಪ್ಪು, ಶುಂಠಿ, ಇಂಗಿನ ಒಗ್ಗರಣೆ ಹಾಕಿ ಡಬ್ಬಿ ಮುಚ್ಚು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ದಾರಿಯಲ್ಲೇ ಅದು ಹೆಪ್ಪಾಗುತ್ತಾ ಬರುತ್ತದೆ. ಮಧ್ಯಾಹ್ನ ತೋಟದಲ್ಲಿ ಡಬ್ಬಿ ತೆಗೆದಾಗ ಹುಳಿಯೇ ಇಲ್ಲದ ಮೊಸರನ್ನ. ಪಕ್ಕದಲ್ಲಿ ಪುಳಿಯೋಗರೆ. ಮೊದಲ ಮಧ್ಯಾಹ್ನ ಒಲೆ ಹಚ್ಚುವ ಮಾತೇ ಇಲ್ಲ, ಟೆಂಟ್ ಹೊಡೆಯುವ ಗಲಾಟೆಯಲ್ಲಿ ಅದು ಸಾಧ್ಯವೂ ಇಲ್ಲ.

ಈಗ ಮೊದಲ ರಾತ್ರಿ. ಅವತ್ತಿಗೆ ಹುಗ್ಗಿ. ಖಾರ ಪೊಂಗಲ್ ಅಂತ ಮಕ್ಕಳಿಗೆ ಹೇಳಿದರೆ ಬೇಗ ಒಪ್ಪುತ್ತಾರೆ. ಒಂದೂವರೆ ಲೋಟ ಅಕ್ಕಿ, ಒಂದು ಲೋಟ ಹೆಸರುಬೇಳೆ. ಬೇಳೆಯನ್ನು ಮನೆಯಲ್ಲೇ ಘಮ್ ಅನ್ನುವ ಹಾಗೆ ಹುರಿದು, ಆರಿಸಿ, ಅಕ್ಕಿ ಜೊತೆ ಒಂದೇ ಡಬ್ಬಿಗೆ ತುಂಬು. ಇನ್ನೊಂದು ಪುಟ್ಟ ಪೊಟ್ಟಣದಲ್ಲಿ ಮೆಣಸು, ಜೀರಿಗೆ, ಕೊಬ್ಬರಿ, ಅರಿಸಿನ, ಉಪ್ಪು. ತುಪ್ಪ ಬೇರೆ. ತೋಟದಲ್ಲಿ ಐದು ಲೀಟರ್ ಕುಕ್ಕರಿಗೆ ಅಕ್ಕಿ–ಬೇಳೆ ತೊಳೆದು ಹಾಕಿ, ಹತ್ತು ಲೋಟ ನೀರು ಸುರಿದು, ಪೊಟ್ಟಣ ಬಿಚ್ಚಿ ಹಾಕು. ಎರಡು ವಿಷಲ್ ಬರಲಿ. ಆಮೇಲೆ ಒಲೆ ಆರಿಸಿ, ಕುಕ್ಕರನ್ನು ಹಾಗೇ ಎತ್ತಿ ದಪ್ಪ ಪೇಪರಿನ ಮೇಲಿಟ್ಟು, ಕಂಬಳಿ ಸುತ್ತಿಬಿಡು. ಅರ್ಧ ಗಂಟೆ ಮುಟ್ಟಬೇಡ. ಒಳಗಿನ ಬಿಸಿಗೇ ಅದು ಬೇಯುತ್ತಾ ಇರುತ್ತದೆ. ಗ್ಯಾಸು ಉಳಿಯುತ್ತದೆ, ತಳ ಹಿಡಿಯಲ್ಲ, ಒಲೆಯೂ ಖಾಲಿ. ಆ ಹೊತ್ತಿನಲ್ಲಿ ಅದೇ ಒಲೆಯಲ್ಲಿ ಹಪ್ಪಳ ಸುಡು, ಅಮ್ಮನಿಗೆ ಬಿಸಿನೀರು ಕಾಯಿಸು. ಮುಚ್ಚಳ ತೆಗೆದಾಗ ಮೇಲೆ ತುಪ್ಪದಲ್ಲಿ ಹುರಿದ ನಾಲ್ಕು ಗೋಡಂಬಿ. ಜೊತೆಗೆ ಪುಳಿಯೋಗರೆ ಗೊಜ್ಜನ್ನೇ ಬಿಸಿನೀರಲ್ಲಿ ತೆಳ್ಳಗೆ ಮಾಡಿಕೊಂಡರೆ ನೆಂಚಿಕೊಳ್ಳಲು ಆಯ್ತು.

ತೊಗರಿಬೇಳೆ ಬಿಟ್ಟು ಹೆಸರುಬೇಳೆ ಯಾಕೆ ಅಂತೀಯಾ? ಅದು ಬೇಗ ಬೇಯುತ್ತದೆ, ಅಷ್ಟೇ. ಎತ್ತರಕ್ಕೆ ಹೋದಷ್ಟೂ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ಬೇಳೆ ಬೇಯೋದೂ ನಿಧಾನ. ಸಾವಿರ ಮೀಟರ್ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಬೆಂಗಳೂರೂ ಒಂಬೈನೂರು ಮೀಟರ್ ಮೇಲೇ ಇರೋದರಿಂದ ಮೂಡಿಗೆರೆಯಲ್ಲಿ ನಿನಗೆ ವ್ಯತ್ಯಾಸ ಗೊತ್ತಾಗಲ್ಲ. ಆದರೆ ಮುಂದೆ ಯಾವಾಗಲಾದರೂ ಬಾಬಾ ಬುಡನ್‌ಗಿರಿ ಕಡೆ ಮೇಲೆ ಹೋದರೆ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ನಿನ್ನನ್ನು ರಾತ್ರಿ ಹತ್ತರವರೆಗೂ ಕಾಯಿಸುತ್ತದೆ. ಕುಕ್ಕರ್ ಇದ್ದರೆ ಆ ತಾಪತ್ರಯ ಇಲ್ಲ.

ಬೆಳಿಗ್ಗೆ ಉಪ್ಪಿಟ್ಟು. ಮುಖ ಸಿಂಡರಿಸಬೇಡ! ಮನೆಯಲ್ಲೇ ಎಣ್ಣೆ ಸ್ವಲ್ಪ ಧಾರಾಳವಾಗಿ ಹಾಕಿ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಮಾಡಿ, ಅದರಲ್ಲೇ ರವೆ ಹುರಿದು ಉಪ್ಪು ಬೆರೆಸಿಟ್ಟುಕೋ. ಕರಿಬೇವು ಗರಿಗರಿ ಆಗಿರಬೇಕು, ಹಸಿ ಉಳಿದರೆ ರವೆಗೆ ಪಸೆ ಹಿಡಿಯುತ್ತದೆ. ಅಲ್ಲಿ ಒಂದು ಲೋಟ ರವೆಗೆ ಎರಡೂವರೆ ಲೋಟ ಕುದಿಯೋ ನೀರು, ಸಣ್ಣ ಉರಿಯಲ್ಲಿ ಮೂರು ನಿಮಿಷ, ಮುಚ್ಚಿ ಐದು ನಿಮಿಷ. ಇದು ಬೇಡ ಅನ್ನುವವರಿಗೆ ಗೊಜ್ಜವಲಕ್ಕಿ. ಅದಕ್ಕೆ ಒಲೆಯೂ ಬೇಡ. ಕುಟ್ಟಿದ ಗಟ್ಟಿ ಅವಲಕ್ಕಿಗೆ ಹುಣಸೆ, ಬೆಲ್ಲ, ಉಪ್ಪು, ಸಾರಿನ ಪುಡಿ ಕದಡಿದ ನೀರು ಹಾಕಿ ಕಾಲು ಗಂಟೆ ಬಿಟ್ಟರೆ ಆಯಿತು. ಮಳೆ ಬಂದರೂ, ಗ್ಯಾಸ್ ಮುಗಿದರೂ ಇದೊಂದು ಕೈ ಹಿಡಿಯುತ್ತದೆ. ಅಮ್ಮನಿಗೆ ರಾಗಿ ಹುರಿಹಿಟ್ಟು. ರಾತ್ರಿಯೇ ಥರ್ಮಾಸ್ ತುಂಬ ಕುದಿಯೋ ನೀರು ತುಂಬಿಡು. ಅವರಿಗೆ ಐದಕ್ಕೇ ಎಚ್ಚರ ಆಗುತ್ತದೆ, ನೀನು ಏಳುವವರೆಗೂ ಕಾಯಬೇಕಾಗಿಲ್ಲ.

ಕಾಫಿಗೆ ಫಿಲ್ಟರೇ ತಗೊಂಡು ಹೋಗು, ಅದಕ್ಕೇನು ಕರೆಂಟು ಬೇಕಾ? ಕಾಫಿ ತೋಟದಲ್ಲಿ ಕೂತು ಇನ್‌ಸ್ಟಂಟ್ ಕುಡಿಯೋದು ನನಗಂತೂ ಸರಿ ಕಾಣಲ್ಲ.

ಎರಡನೇ ಮಧ್ಯಾಹ್ನ ಸುತ್ತಾಡಿ ಸುಸ್ತಾಗಿ ಬರುತ್ತೀರಿ. ಅವತ್ತಿಗೆ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೇಲೆ ಎಣ್ಣೆ, ಒಂದು ಈರುಳ್ಳಿ ಜಜ್ಜಿಕೊಂಡರೆ ಮುಗಿಯಿತು. ಬೆಂಗಳೂರಿನಲ್ಲಿ ಉತ್ತರ ಕರ್ನಾಟಕದ ರೊಟ್ಟಿ ಅಂಗಡಿ ಬೀದಿಗೊಂದು ಇದೆ. ವಾರಗಟ್ಟಲೆ ಕೆಡದ ಊಟ ಅದು. ಒಡೆಯುತ್ತದೆ ಅಷ್ಟೇ, ಡಬ್ಬಿಯಲ್ಲಿ ಇಟ್ಟುಕೋ.

ಎರಡನೇ ಸಂಜೆ ಮಕ್ಕಳಿಗೆ ಕೆಲಸ ಕೊಡುವ ಅಡುಗೆ: ಅಕ್ಕಿ ರೊಟ್ಟಿ. ಈರುಳ್ಳಿ, ಕ್ಯಾರೆಟ್ಟು, ಹಸಿಮೆಣಸು ಐದು ಗಂಟೆಯೊಳಗೆ ಹೆಚ್ಚಿ ಮುಗಿಸು. ಈಗ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ತೋಟದ ಮರಗಳ ಅಡಿಯಲ್ಲಿ ಐದೂವರೆಗೇ ಮಬ್ಬು. ತಲೆಗೆ ಕಟ್ಟುವ ಟಾರ್ಚಿನ ಬೆಳಕಲ್ಲಿ ಈಳಿಗೆಮಣೆ, ಚಾಕು ಹಿಡಿಯೋದು ಬೇಡವೇ ಬೇಡ. ಹಿಟ್ಟನ್ನು ಬಿಸಿನೀರಲ್ಲಿ ಕಲಸು, ಒಂದು ಹಿಡಿ ಅನ್ನ ಉಳಿದಿದ್ದರೆ ಅದನ್ನೂ ಸೇರಿಸು, ರೊಟ್ಟಿ ಮೆತ್ತಗಾಗುತ್ತದೆ. ಮನೆಯಲ್ಲಿ ಬಾಂಡ್ಲಿಗೇ ತಟ್ಟುತ್ತೇವೆ. ಆದರೆ ಪ್ರತಿ ಸಲ ಬಾಂಡ್ಲಿ ಆರುವವರೆಗೆ ಕಾಯಬೇಕಲ್ಲ, ಐದು ಜನ ಹಸಿದು ಕೂತಿರುವಾಗ ಅದು ಆಗದ ಮಾತು. ತೋಟದವರನ್ನು ಕೇಳಿ ಬಾಳೆಎಲೆ ತಗೋ. ಎಲೆಗೆ ಎಣ್ಣೆ ಸವರಿ ಮಕ್ಕಳು ತಟ್ಟಲಿ, ಆಕಾರ ಹೇಗಾದರೂ ಇರಲಿ. ಎಲೆ ಸಮೇತ ಕಾದ ಹೆಂಚಿನ ಮೇಲೆ ಮಗುಚಿ ಹಾಕು. ಅರ್ಧ ನಿಮಿಷಕ್ಕೆ ಎಲೆಯ ಹಸಿರು ಮಾಸಿ ಅಂಚು ತಾನೇ ಬಿಟ್ಟುಕೊಳ್ಳುತ್ತದೆ. ಆಗ ಮೆಲ್ಲಗೆ ಎಳೆದರೆ ರೊಟ್ಟಿ ಹೆಂಚಿನಲ್ಲೇ ಉಳಿಯುತ್ತದೆ, ಎಲೆ ಕೈಗೆ ಬರುತ್ತದೆ. ಎರಡು ಮೂರು ರೊಟ್ಟಿಗೆ ಒಂದೇ ಎಲೆ ಬಾಳುತ್ತದೆ.

ತೋಟದವರು ಸೌದೆ ಒಲೆಗೆ ಒಪ್ಪಿದರೆ ಪಕ್ಕದಲ್ಲೇ ಕೆಂಡ ಇರುತ್ತದೆ. ಕೆಂಡದಲ್ಲಿ ಬದನೆಕಾಯಿ, ಎರಡು ಟೊಮೆಟೊ, ಒಂದು ಹಸಿಮೆಣಸು ಸುಡು. ಸಿಪ್ಪೆ ಸುಲಿದು, ಉಪ್ಪು, ಬೆಳ್ಳುಳ್ಳಿ ಹಾಕಿ ಕೈಯಲ್ಲೇ ಕಿವುಚು. ಮೇಲೆ ಹಸಿ ಕೊಬ್ಬರಿ ಎಣ್ಣೆ ಒಂದು ಚಮಚ. ಸುಟ್ಟ ಬದನೆಕಾಯಿ ಗೊಜ್ಜಿಗೆ ಯಾವ ಕಾಲದಲ್ಲೂ ಮಿಕ್ಸಿ ಬೇಕಾಗಿರಲಿಲ್ಲ ನೋಡು. ಒಲೆ ಹಚ್ಚಿದ ಸ್ವಲ್ಪ ಹೊತ್ತಿಗೇ ಬಿಸಿ ಬೂದಿಯೊಳಗೆ ನಾಲ್ಕಾರು ಗೆಣಸು ಹೂತಿಟ್ಟಿದ್ದರೆ, ಸಾಧಾರಣ ಗಾತ್ರದ್ದು ಮುಕ್ಕಾಲು ಗಂಟೆಯೊಳಗೆ ಬೆಂದಿರುತ್ತದೆ. ಕಡ್ಡಿ ಚುಚ್ಚಿ ನೋಡು. ಆ ಮಂಗಳೂರು ಸೌತೆಯನ್ನು ಕೊನೆಯ ದಿನಕ್ಕೆ ಇಟ್ಟುಕೋ. ಹೋಳು ಬೇಯಿಸಿ ಸಾರಿನ ಪುಡಿ, ಬೆಲ್ಲ, ಹುಣಸೆ ಹಾಕಿ ತಿಳಿಯಾಗಿ ಮಾಡಿದರೆ ಬಿಸಿ ಅನ್ನಕ್ಕೆ ಆಗುತ್ತದೆ. ಬೇಳೆ ಬೇಡ.

ಒಲೆಗೆ ಐದು ಕೆಜಿಯ ಸಣ್ಣ ಸಿಲಿಂಡರ್ ತಗೋ, ಇಂಡಿಯನ್ ಆಯಿಲ್‌ನವರು ಛೋಟು ಅಂತ ಮಾರುತ್ತಾರಲ್ಲ ಅದು. ವಿಳಾಸದ ದಾಖಲೆ ಕೇಳಲ್ಲ, ಗುರುತಿನ ಚೀಟಿ ಸಾಕು. ಗಾಳಿಗೆ ಮೂರು ಕಡೆ ತಗಡೋ ಕಲ್ಲೋ ಅಡ್ಡ ಇಡು, ಆದರೆ ಸಿಲಿಂಡರನ್ನು ಆ ಮರೆಯೊಳಗೆ ಸೇರಿಸಬೇಡ. ಸೌದೆ ಒಲೆಗೆ ಮೂರು ಕಲ್ಲು ಹುಡುಕುವಾಗ ಹಳ್ಳದ ಕಲ್ಲು ತರಬೇಡ. ಒಳಗೆ ನೀರು ಹಿಡಿದಿದ್ದರೆ ಕಾದು ಸಿಡಿಯುತ್ತದೆ. ಪಾತ್ರೆಯ ಹೊರಗೆ ಬೂದಿಯನ್ನು ನೀರಲ್ಲಿ ಕಲಸಿ ಬಳಿದಿಟ್ಟರೆ ಮಸಿ ಸುಲಭವಾಗಿ ಬಿಡುತ್ತದೆ. ಸುತ್ತಲಿನ ತರಗೆಲೆ ಗುಡಿಸಿ, ಒಂದು ಬಕೆಟ್ ನೀರು ಪಕ್ಕದಲ್ಲೇ ಇರಲಿ. ಮಲಗುವ ಮೊದಲು ಕೆಂಡದ ಮೇಲೆ ನೀರು ಹಾಕಿ, ಕೆದಕಿ, ಮತ್ತೆ ಹಾಕು. ತೋಟ ಮುಗಿದು ಮೀಸಲು ಅರಣ್ಯ ಶುರುವಾದ ಮೇಲೆ ಬೆಂಕಿ ಮಾಡೋದು ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಅಪರಾಧ. ಸುಮ್ನೆ ಫೋಟೋಕ್ಕೆ ಅಂತಲೂ ಅಲ್ಲಿ ಕಡ್ಡಿ ಗೀರಬೇಡ.

ಇನ್ನೊಂದು, ಇದು ತಮಾಷೆಯ ಮಾತಲ್ಲ. ಎಷ್ಟೇ ಚಳಿ ಇರಲಿ, ಮಳೆಯೇ ಬರಲಿ, ಟೆಂಟಿನೊಳಗೆ ಒಲೆ ಹಚ್ಚಬೇಡ, ಕೆಂಡದ ಬಾಣಲೆಯನ್ನೂ ಒಳಗೆ ತರಬೇಡ. ಬಟ್ಟೆಗೆ ಬೆಂಕಿ ಹತ್ತೋದು ಒಂದು ಕಡೆ. ಮುಚ್ಚಿದ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡರೆ ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಮಲಗಿದವರಿಗೆ ಗೊತ್ತೇ ಆಗಲ್ಲ. ಅಮ್ಮನಿಗೆ ಚಳಿ ಆದರೆ ಬಿಸಿನೀರಿನ ಬ್ಯಾಗ್ ಕೊಡು.

ಊಟ ಮುಗಿದ ಮೇಲೆ ತಿಂಡಿ ಡಬ್ಬಿ, ಬಾಳೆಹಣ್ಣು, ಅಕ್ಕಿ, ಬೆಲ್ಲ, ಉಪ್ಪು ಎಲ್ಲ ಕಾರಿನೊಳಗೆ ಹೋಗಲಿ, ಟೆಂಟಿನಲ್ಲಿ ಒಂದು ಬಿಸ್ಕತ್ತೂ ಬೇಡ. ಹಗಲು ಮಂಗ, ರಾತ್ರಿ ಹಂದಿ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ತೋಟಕ್ಕೆ ಕಾಡಾನೆ ಬರೋದು ಹೊಸ ಸುದ್ದಿ ಏನಲ್ಲ. ಹೋದ ಕೂಡಲೇ ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರನ್ನು ಕೇಳು, ಈ ವಾರ ಆನೆ ಯಾವ ಕಡೆ ಓಡಾಡುತ್ತಿದೆ ಅಂತ. ಅವರು ಇವತ್ತು ಬೇಡ ಅಂದರೆ ಅವತ್ತು ಬಂಗಲೆಯ ಜಗುಲಿಯಲ್ಲೇ ಮಲಗಿ, ವಾದ ಬೇಡ. ಹಾಗೆಯೇ ಈಗ ಅರೇಬಿಕಾ ಕೊಯ್ಲಿನ ಕಾಲ. ಕಣ ಖಾಲಿ ಕಂಡಿತು ಅಂತ ಅಲ್ಲಿ ಟೆಂಟ್ ಹೊಡೆದರೆ ಬೆಳಿಗ್ಗೆ ಹಣ್ಣು ಹರಡಲು ಬಂದವರು ನಿಮ್ಮನ್ನು ಎಬ್ಬಿಸುತ್ತಾರೆ.

ತಟ್ಟೆಗೆ ಅಡಿಕೆ ಹಾಳೆ ತಗೋ, ತೊಳೆಯುವ ಕೆಲಸ ಇರಲ್ಲ. ಕುಡಿಯಲು, ಅಡುಗೆಗೆ ಸೇರಿ ತಲೆಗೆ ದಿನಕ್ಕೆ ನಾಲ್ಕೈದು ಲೀಟರ್ ನೀರು ಅಂತ ಲೆಕ್ಕ ಹಾಕು. ಇಪ್ಪತ್ತು ಲೀಟರಿನ ಮೂರು ಕ್ಯಾನ್ ಇದ್ದರೆ ಚಿಂತೆ ಇಲ್ಲ.

ನಿಮ್ಮ ಮನೆಯಲ್ಲಿ ಇರೋದು ಮೂರು ಲೀಟರಿನ ಕುಕ್ಕರ್ ಅಂತ ನೆನಪು. ಅದರಲ್ಲಿ ಐದು ಜನಕ್ಕೆ ಹುಗ್ಗಿ ಆಗಲ್ಲ. ಹೇಗೂ ಹಾಸನ, ಬೇಲೂರಿನ ಮೇಲೇ ಮೂಡಿಗೆರೆಗೆ ಹೋಗುತ್ತೀರಲ್ಲ, ಮನೆಗೆ ಬಂದು ನಮ್ಮ ಐದು ಲೀಟರಿಂದು ತಗೊಂಡು ಹೋಗು. ಗ್ಯಾಸ್ಕೆಟ್ ಮೊನ್ನೆ ತಾನೇ ಹೊಸದು ಹಾಕಿಸಿದ್ದೇನೆ. ಕಂಬಳಿಯೂ ಇದೆ. ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಹಿಂದಿನ ದಿನವೇ ಫೋನ್ ಮಾಡು, ಇಡ್ಲಿ ಮಾಡಿಸಿರುತ್ತೇನೆ. ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ,
ರಾಜು